ಕತ್ತಲೋ ಸೆಕೆಯೋ: ಮನೆ ಎಲ್ಲಿ ಮಾಡಬೇಕು?

ಬೆಂಗಳೂರಿನ ಬೇಸಿಗೆ ತಾಳಲಾರದೆ ಊರು ಬಿಡಲು ಹೊರಟವರು, ಚಳಿದೇಶದ ಕತ್ತಲಿಗೆ ಹೆದರಿ ಹಿಂದೇಟು ಹಾಕುತ್ತಿರುವವರು: ಈ ಸಲದ ಪತ್ರಗಳೆಲ್ಲ ಇವರವೇ. ಹೆಸರು ಬೇಡ ಎಂದವರ ಹೆಸರನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಹೆಲ್ಸಿಂಕಿಯಲ್ಲಿ ಕೆಲಸ ಸಿಕ್ಕಿದೆ. ಈಗಿರುವ ಟಾಪ್ ಫ್ಲೋರ್ ಬಾಡಿಗೆ ಮನೆಯಲ್ಲಿ ಏಪ್ರಿಲ್ ತಿಂಗಳ ರಾತ್ರಿ ನಿದ್ದೆಯೇ ಬರುವುದಿಲ್ಲ, ಅಲ್ಲಿಗೆ ಹೋದರೆ ಈ ಕಾಟ ತಪ್ಪುತ್ತದೆ ಅನ್ನುತ್ತಾರೆ. ನನಗೋ ಅಲ್ಲಿನ ಕತ್ತಲೆಂದರೆ ಎದೆ ಧಸಕ್ಕೆನ್ನುತ್ತದೆ. ಐದು ವರ್ಷದ ಮಗಳಿದ್ದಾಳೆ. ಯಾವುದನ್ನು ತಡೆದುಕೊಳ್ಳುವುದು ಸುಲಭ?
(ಒಬ್ಬ ಓದುಗರು, ಮಾರತಹಳ್ಳಿ)

ಉತ್ತರ: ಕತ್ತಲು ಪಂಚಾಂಗದ ಲೆಕ್ಕಕ್ಕೆ ಸಿಗುತ್ತದೆ, ಸೆಕೆ ಸಿಗುವುದಿಲ್ಲ. ಸಿಗುವುದನ್ನೇ ಮೊದಲು ನೋಡೋಣ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷಕ್ಕಿಂತ ತುಸು ಹೆಚ್ಚು, ಅತಿ ಉದ್ದದ್ದು 12 ಗಂಟೆ 50 ನಿಮಿಷದ ಆಸುಪಾಸು. ವ್ಯತ್ಯಾಸ ಒಂದೂವರೆ ಗಂಟೆ, ಅಷ್ಟೇ. ಹೆಲ್ಸಿಂಕಿ 60 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಒಂಬತ್ತೂಕಾಲು ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರೂಕಾಲರೊಳಗೆ. ಹಗಲು ಆರು ಗಂಟೆಯೂ ಇಲ್ಲ. ಜೂನ್‌ನಲ್ಲಿ ಇದಕ್ಕೆ ತದ್ವಿರುದ್ಧ, ಹತ್ತಿರ ಹತ್ತಿರ 19 ಗಂಟೆ ಹಗಲು.

ಆದರೆ ಗಂಟೆಗಳನ್ನು ಮಾತ್ರ ಎಣಿಸಿದರೆ ಸಾಲದು, ಸೂರ್ಯನ ಎತ್ತರವನ್ನೂ ನೋಡಬೇಕು. ಡಿಸೆಂಬರ್ 21ರ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿದ್ದರೆ, ಹೆಲ್ಸಿಂಕಿಯಲ್ಲಿ ಆರೂವರೆ ಡಿಗ್ರಿಯೂ ಇರುವುದಿಲ್ಲ. 12 ಮೀಟರ್ ಎತ್ತರದ ಕಟ್ಟಡದ ನೆರಳು ಇಲ್ಲಿ ಸುಮಾರು 9 ಮೀಟರ್ ಬಿದ್ದರೆ ಅಲ್ಲಿ 100 ಮೀಟರ್ ದಾಟುತ್ತದೆ. ಅಂದರೆ ನೆಲಮಹಡಿಯಲ್ಲಿ, ಎದುರಿಗೆ ಇನ್ನೊಂದು ಕಟ್ಟಡವಿರುವ ಮನೆ ಹಿಡಿದರೆ ವಾರಗಟ್ಟಲೆ ನೇರ ಬಿಸಿಲು ಒಳಗೆ ಬರುವುದೇ ಇಲ್ಲ. ಮೇಲಿನ ಮಹಡಿ, ದಕ್ಷಿಣಕ್ಕೆ ದೊಡ್ಡ ಕಿಟಕಿ, ಎದುರಿಗೆ ಬಯಲೋ ನೀರೋ: ಇಷ್ಟಿದ್ದರೆ ಅದೇ ಊರಿನ ಚಳಿಗಾಲ ಬೇರೆಯೇ ಆಗುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಈ ವಿಷಯದಲ್ಲಿ ಚೌಕಾಸಿ ಬೇಡ.

ಊರು ನೋಡಿಬರಲು ಕಂಪನಿ ಟಿಕೆಟ್ ಕೊಟ್ಟರೆ ಜೂನ್‌ನಲ್ಲಿ ಹೋಗಬೇಡಿ, ನವೆಂಬರ್‌ನಲ್ಲಿ ಹೋಗಿ. ಮಂಕು ಅತಿ ಹೆಚ್ಚೆನಿಸುವುದು ಆಗಲೇ. ಹಗಲು ಕುಗ್ಗಿರುತ್ತದೆ, ಮೋಡ ಮುಸುಕಿರುತ್ತದೆ, ಬೆಳಕನ್ನು ಮೇಲಕ್ಕೆ ಚಿಮ್ಮಿಸುವ ಹಿಮ ಇನ್ನೂ ಬಿದ್ದಿರುವುದಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಸಂಜೆ ಇದ್ದಕ್ಕಿದ್ದಂತೆ ಮಧ್ಯಾಹ್ನಕ್ಕೇ ಬಂದು ಕೂರುತ್ತದೆ. ಆ ವಾರ ನಿಮಗೆ ಹೇಗನ್ನಿಸಿತು ಎನ್ನುವುದು ನಮ್ಮ ಯಾವ ಸಲಹೆಗಿಂತಲೂ ದೊಡ್ಡ ಪುರಾವೆ.

ಮನಸ್ಸು ಕುಗ್ಗುವುದೇಕೆ ಎಂದರೆ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ಮಿದುಳಿನೊಳಗಿನ ಗಡಿಯಾರ ಸರಿಹೊಂದುವುದು, ನಿದ್ದೆ ತರಿಸುವ ಮೆಲಟೋನಿನ್ ಇಳಿಯುವುದು. ಆ ಬೆಳಕು ತಡವಾದರೆ ಗಡಿಯಾರವೂ ಹಿಂದೆ ಬೀಳುತ್ತದೆ. ಚಳಿಗಾಲದ ಖಿನ್ನತೆಯನ್ನು ಪ್ರತ್ಯೇಕವಾಗಿ ಗುರುತಿಸಿ, ಬೆಳಕಿನ ಚಿಕಿತ್ಸೆಯನ್ನು ಪರೀಕ್ಷಿಸಿದ ಪ್ರಬಂಧವನ್ನು ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಅಮೆರಿಕದಲ್ಲಿ 1984ರಲ್ಲಿ ಪ್ರಕಟಿಸಿದರು. ಲಕ್ಷಣಗಳು ಸಾಮಾನ್ಯ ಖಿನ್ನತೆಗಿಂತ ತುಸು ಬೇರೆ: ನಿದ್ದೆ ಕೆಡುವ ಬದಲು ಅತಿಯಾಗುತ್ತದೆ, ಅನ್ನ, ಬ್ರೆಡ್ಡು, ಸಿಹಿಯ ಮೇಲೆ ಆಸೆ ಹೆಚ್ಚುತ್ತದೆ, ಕೈಕಾಲು ಸೀಸ ಕಟ್ಟಿದಂತೆ ಭಾರವಾಗುತ್ತವೆ.

ಇದಕ್ಕೆ ಬಳಸುವುದು 10,000 ಲಕ್ಸ್ ದೀಪ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ). ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎಷ್ಟು ದೂರದಲ್ಲಿ 10,000 ಲಕ್ಸ್ ಎಂದು ಬರೆದಿದೆಯೋ ಓದಿ. 15 ಸೆಂ.ಮೀ. ಎಂದಿದ್ದರೆ ಬೇಡ, ಅಷ್ಟು ಹತ್ತಿರ ಮುಖವಿಟ್ಟು ಯಾರೂ ಅರ್ಧ ಗಂಟೆ ಕೂರಲಾರರು. 40ರಿಂದ 60 ಸೆಂ.ಮೀ. ದೂರಕ್ಕೆ ಹೇಳಿರಬೇಕು, ಹಲಗೆ ಅಗಲವಾಗಿರಬೇಕು, ನೇರಳಾತೀತ ಕಿರಣ ತಡೆಯುವ ಫಿಲ್ಟರ್ ಇರಬೇಕು. ಎದ್ದ ಒಂದು ಗಂಟೆಯೊಳಗೆ, ತಿಂಡಿ ತಿನ್ನುತ್ತಲೋ ಓದುತ್ತಲೋ 30 ನಿಮಿಷ. ದೀಪ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಇರಲಿ. ಅದನ್ನೇ ದಿಟ್ಟಿಸಬೇಡಿ. ಮೈ ಜಡವಾಗುವ ತನಕ ಕಾಯದೆ ಅಕ್ಟೋಬರ್‌ನಲ್ಲೇ ಶುರುಮಾಡಿ. ಗುಣ ಕಾಣಲು ಕೆಲವು ದಿನದಿಂದ ಎರಡು ವಾರ ಬೇಕು. ತಲೆನೋವು, ಕಣ್ಣುರಿ ಬಂದರೆ ದೀಪವನ್ನು ಅರ್ಧ ಅಡಿ ಹಿಂದೆ ಸರಿಸಿ ಅಥವಾ ಹೊತ್ತು ಕಡಿಮೆಮಾಡಿ. ಬಹಳ ಜನ ಎಡವುವುದು ಹೊತ್ತಿನಲ್ಲಿ: ಕೆಲಸದಿಂದ ಬಂದು ಸಂಜೆ ಹಚ್ಚುತ್ತಾರೆ, ರಾತ್ರಿ ಎರಡಾದರೂ ನಿದ್ದೆ ಬರುವುದಿಲ್ಲ, ಆಮೇಲೆ ದೀಪವನ್ನೇ ಬಯ್ಯುತ್ತಾರೆ. ರೆಟಿನಾದ ತೊಂದರೆ ಇದ್ದವರು ಕಣ್ಣಿನ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮಗಳ ಬಗ್ಗೆ ಅಷ್ಟು ಚಿಂತೆ ಬೇಡ. ಅಲ್ಲಿನ ಶಿಶುಕೇಂದ್ರಗಳಲ್ಲಿ ಚಳಿಯಿರಲಿ ತುಂತುರಿರಲಿ ಮಕ್ಕಳನ್ನು ದಿನವೂ ಹೊರಗೆ ಬಿಡುತ್ತಾರೆ. ನೀರು ಹಿಡಿಯದ ಮೇಲುಡುಪು, ಒಳಗೆ ಉಣ್ಣೆ, ಕೋಟಿಗೆ ತೂಗುಹಾಕುವ ರಿಫ್ಲೆಕ್ಟರ್ ಬಿಲ್ಲೆ ಇದ್ದರಾಯಿತು. ವಿಟಮಿನ್ ಡಿ ಮಾತ್ರ ಮರೆಯಬೇಡಿ. ಆ ಅಕ್ಷಾಂಶದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿದ್ದರೂ ಚರ್ಮದಲ್ಲಿ ಅದು ತಯಾರಾಗುವುದಿಲ್ಲ, ನಮ್ಮ ಮೈಬಣ್ಣಕ್ಕಂತೂ ಬಿಸಿಲು ಇನ್ನೂ ಹೆಚ್ಚು ಬೇಕು. ಫಿನ್ಲೆಂಡಿನಲ್ಲಿ 2003ರಿಂದ ಹಾಲಿಗೆ ವಿಟಮಿನ್ ಡಿ ಬೆರೆಸುತ್ತಿದ್ದಾರೆ. ಅದರ ಮೇಲೆ ದಿನಕ್ಕೆ ಎಷ್ಟು ಬೇಕೆಂದು ಅಲ್ಲಿನ ಮಕ್ಕಳ ಕ್ಲಿನಿಕ್‌ನಲ್ಲಿ ಕೇಳಿ. ಇಲ್ಲಿಂದ 60,000 ಯೂನಿಟ್ಟಿನ ಪೊಟ್ಟಣಗಳನ್ನು ಒಯ್ದು ಮಗುವಿಗೆ ಕೊಡಬೇಡಿ.

ಚಿಂತೆ ಇರುವುದು ನಿಮ್ಮ ಬಗ್ಗೆ. ಯಜಮಾನರಿಗೆ ಆಫೀಸಿದೆ, ಮಗಳಿಗೆ ಶಿಶುಕೇಂದ್ರವಿದೆ. ಹಗಲಿನಲ್ಲಿ ಹೊರಗೆ ಹೋಗಲು ನಿಮಗೂ ಒಂದು ಕಾರಣ ಬೇಕು. ಉದ್ಯೋಗಿಯ ಪತ್ನಿಗೆ ಕೊಡುವ ಕುಟುಂಬ ಪರ್ಮಿಟ್‌ನಲ್ಲಿ ಕೆಲಸ ಮಾಡುವ ಹಕ್ಕೂ ಸೇರಿದೆ. ಕೆಲಸ ಸಿಗುವ ತನಕ ಭಾಷೆಯ ತರಗತಿಯನ್ನು ಬೆಳಗಿನ ಹೊತ್ತಿಗೇ ಹಾಕಿಸಿಕೊಳ್ಳಿ, ಮಧ್ಯಾಹ್ನ 12ರ ಸುಮಾರಿಗೆ ಅರ್ಧ ಗಂಟೆ ನಡೆಯಿರಿ. ಮೋಡ ಕವಿದ ಹಗಲಿನ ಬೆಳಕೂ ದೀಪ ಹಚ್ಚಿದ ಹಾಲ್‌ಗಿಂತ ಹಲವು ಪಟ್ಟು ಹೆಚ್ಚಿರುತ್ತದೆ.

ಇನ್ನು ಸೆಕೆ. ಯಜಮಾನರು ಬಿಡಬೇಕೆಂದಿರುವುದು ಬೆಂಗಳೂರನ್ನೋ, ಆ ಮನೆಯನ್ನೋ? ನೂರಿನ್ನೂರು ರೂಪಾಯಿಯ ಎರಡು ಥರ್ಮಾಮೀಟರ್ ತಂದು ಒಂದನ್ನು ಮಲಗುವ ಕೋಣೆಯಲ್ಲಿ, ಇನ್ನೊಂದನ್ನು ಬಾಲ್ಕನಿಯ ನೆರಳಲ್ಲಿ ತೂಗುಹಾಕಿ ರಾತ್ರಿ 10ಕ್ಕೆ ನೋಡಿ. ಒಳಗೆ ಮೂರು ನಾಲ್ಕು ಡಿಗ್ರಿ ಹೆಚ್ಚಿದ್ದರೆ ತಪ್ಪು ಮನೆಯದು, ಮಧ್ಯದ ಮಹಡಿಗೆ ಬದಲಾಯಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಬೆಂಗಳೂರಿನ ದಾಖಲೆ 39.2 ಡಿಗ್ರಿ, 2016ರ ಏಪ್ರಿಲ್ 24ರದ್ದು. 2024ರ ಏಪ್ರಿಲ್ 28ರಂದು 38.5 ಮುಟ್ಟಿತು. ಆದರೆ ಆ ಸೆಕೆ ಒಣ ಸೆಕೆ, ಎರಡು ಎರಡೂವರೆ ತಿಂಗಳಿನದು, ನಡುವೆ ಒಂದೆರಡು ಮಾವಿನ ಮಳೆಯೂ ಬೀಳುತ್ತದೆ. ಹೆಲ್ಸಿಂಕಿಗೆ ಹೋದರೆ ಸೆಕೆಯೇ ಇಲ್ಲ ಎನ್ನುವುದೂ ಈಗ ನಿಜವಲ್ಲ. ಅಲ್ಲಿನ ಗೋಡೆ, ಕಿಟಕಿಗಳು ಬಿಸಿಯನ್ನು ಒಳಗೇ ಹಿಡಿದಿಡಲು ಕಟ್ಟಿದವು. ಜೂನ್‌ನಲ್ಲಿ ಸೂರ್ಯ ರಾತ್ರಿ 10.50ರವರೆಗೆ ವಾಯವ್ಯದ ಕಿಟಕಿಯಿಂದ ಒಳಗೆ ಬರುತ್ತಾನೆ, ಬಹಳ ಮನೆಗಳಲ್ಲಿ ಎಸಿ ಇಲ್ಲ. ದಪ್ಪ ಕಪ್ಪು ಪರದೆ ಅಲ್ಲಿ ಬೇಸಿಗೆಗೂ ಬೇಕು.

ನಮ್ಮ ಅಭಿಪ್ರಾಯ ಕೇಳಿದರೆ: ಮನೆಯಲ್ಲಿ ಯಾರಿಗೂ ಹಿಂದೆ ಖಿನ್ನತೆ ಬಂದಿಲ್ಲವಾದರೆ, ನಿಮಗೂ ಹೊರಗೆ ಹೋಗುವ ಕೆಲಸವೋ ಓದೋ ಸಿಗುವುದಾದರೆ, ಹೋಗಿ. ಕತ್ತಲಿಗೆ ಹೆದರಿ ಬಿಡಬೇಡಿ. ಸೆಕೆಗೆ ಹೆದರಿಯೂ ಹೋಗಬೇಡಿ.

ಪ್ರಶ್ನೆ: ನನಗೆ ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬರುವ ಮನೋರೋಗ) ಇದೆ, ನಾಲ್ಕು ವರ್ಷದಿಂದ ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಆರಾಮಾಗಿದ್ದೇನೆ. ಸ್ವೀಡನ್ನಿನ ಲುಂಡ್ ಮತ್ತು ಉಮೇವೋ ಎರಡೂ ಕಡೆ ಎಂಎಸ್‌ಗೆ ಸೀಟು ಸಿಕ್ಕಿದೆ. ಅಪ್ಪ ಅಮ್ಮ ಬೆಂಗಳೂರಿನಲ್ಲೇ ಇರು ಅನ್ನುತ್ತಾರೆ. 10,000 ಲಕ್ಸ್ ದೀಪ ಒಯ್ದರೆ ಸಾಕೇ?
(ಹೆಸರು ಬೇಡ, ಬಸವನಗುಡಿ)

ಉತ್ತರ: ದೀಪವನ್ನು ನೀವಾಗಿ ಹಚ್ಚಿಕೊಳ್ಳಬೇಡಿ. ಬೈಪೋಲಾರ್ ಇರುವವರಲ್ಲಿ ಬೆಳಗಿನ ಪ್ರಖರ ಬೆಳಕು ಮನಸ್ಸನ್ನು ಮಂಕಿನಿಂದ ಎತ್ತಿ ನೇರವಾಗಿ ಉನ್ಮಾದಕ್ಕೆ ಒಯ್ಯುವ ಅಪಾಯವಿದೆ. ಅದಕ್ಕೇ ವೈದ್ಯರು ಬೆಳಿಗ್ಗೆಯ ಬದಲು ನಡುಮಧ್ಯಾಹ್ನದ ಹೊತ್ತಿಗೆ, 15 ನಿಮಿಷದಿಂದ ಶುರುಮಾಡಿ ವಾರವಾರಕ್ಕೆ ಏರಿಸುವುದುಂಟು, ಅದೂ ಮಾತ್ರೆಯ ಜೊತೆಗೆ.

ಎರಡೂರುಗಳಲ್ಲಿ ಲುಂಡ್ ನಿಮಗೆ ವಾಸಿ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಸುಮಾರು 7 ಗಂಟೆ, ಉಮೇವೋದಲ್ಲಿ ನಾಲ್ಕೂವರೆ. ಉಮೇವೋದಲ್ಲಿ 2012ರಲ್ಲಿ ಬಸ್ ನಿಲ್ದಾಣಗಳಿಗೇ ಚಿಕಿತ್ಸೆಯ ದೀಪ ಹಾಕಿದ್ದರು ಎಂದರೆ ಅಲ್ಲಿನ ಕತ್ತಲನ್ನು ಊಹಿಸಿಕೊಳ್ಳಿ. ಆದರೆ ನಿಮ್ಮ ಮಟ್ಟಿಗೆ ಡಿಸೆಂಬರ್‌ಗಿಂತ ಏಪ್ರಿಲ್, ಮೇ ಹೆಚ್ಚು ಎಚ್ಚರದ ತಿಂಗಳು. ಹಗಲು ದಿನಕ್ಕೆ ಐದಾರು ನಿಮಿಷ ಬೆಳೆಯುತ್ತಾ ಹೋದಾಗ ನಿದ್ದೆ ಕಡಿಮೆಯಾಗುತ್ತದೆ, ಹುಮ್ಮಸ್ಸು ಏರುತ್ತದೆ, ಅದನ್ನು ಆರೋಗ್ಯವೆಂದೇ ತಿಳಿಯುವ ಸಂಭವ ಹೆಚ್ಚು. ಮಾರ್ಚ್‌ನಿಂದಲೇ ಕಿಟಕಿಗೆ ಬೆಳಕು ತೂರದ ಪರದೆ ಹಾಕಿ, ಮಲಗುವ ಹೊತ್ತನ್ನು ಬರೆದಿಡಿ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿಯೂ ದಣಿವಿಲ್ಲವೆಂದರೆ ಅಂದೇ ಡಾಕ್ಟರಿಗೆ ಹೇಳಿ.

ಬೆಂಗಳೂರಿನಲ್ಲೇ ಉಳಿದರೆ ಸುರಕ್ಷಿತ ಎನ್ನುವ ಅಪ್ಪ ಅಮ್ಮಂದಿರಿಗೂ ಒಂದು ಮಾತು ತಿಳಿಸಿ. ಲಿಥಿಯಂ ತೆಗೆದುಕೊಳ್ಳುವವರಿಗೆ ಸೆಕೆಯೂ ಸಣ್ಣ ವಿಷಯವಲ್ಲ. ಬೆವರಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೈನಡುಕ ಜೋರಾಗುವುದು, ವಾಂತಿ ಭೇದಿ, ನಾಲಿಗೆ ತೊದಲುವುದು, ನಡಿಗೆ ತಪ್ಪುವುದು ಅದರ ಗುರುತು. ಬೇಸಿಗೆಯಲ್ಲಿ ಉಪ್ಪನ್ನು ಇದ್ದಕ್ಕಿದ್ದಂತೆ ಬಿಡಬೇಡಿ, ಜ್ವರ ಭೇದಿ ಬಂದರೆ ಕಾಯದೆ ಮಟ್ಟ ಪರೀಕ್ಷಿಸಿ, ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಬೇಡಿ, ಅದೂ ಲಿಥಿಯಂ ಮಟ್ಟವನ್ನು ಏರಿಸುತ್ತದೆ.

ಹೊರಡುವ ಮೊದಲು ಇಲ್ಲಿನ ಮನೋವೈದ್ಯರಿಂದ ರೋಗದ ಸಾರಾಂಶ, ಮಾತ್ರೆಗಳ ಜೆನೆರಿಕ್ ಹೆಸರು, ಕೊನೆಯ ಲಿಥಿಯಂ, ಥೈರಾಯ್ಡ್, ಕ್ರಿಯಾಟಿನಿನ್ ವರದಿಗಳನ್ನು ಬರೆಸಿಕೊಳ್ಳಿ. ಅಲ್ಲಿ ಇಳಿದ ಮೊದಲ ವಾರದಲ್ಲೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಮನೋವೈದ್ಯರ ಭೇಟಿಗೆ ಕಾಯಬೇಕಾಗಬಹುದು. ಇಲ್ಲಿರುವ ತನಕ ಯಾವಾಗ ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಮಗ ವ್ಯಾಂಕೂವರ್‌ನಲ್ಲಿದ್ದಾನೆ. ನನಗೆ 74, ನಮ್ಮ ಮನೆಯವರಿಗೆ 69, ಅವರಿಗೆ ಬಿಪಿ ಇದೆ. "ಬೆಂಗಳೂರಲ್ಲಿ ಬೇಯುವುದು ಬೇಡ, ಇಲ್ಲೇ ಬಂದಿರಿ" ಅನ್ನುತ್ತಾನೆ. ಚಳಿಗಾಲ ಹೇಗೋ ಏನೋ.
(ಒಬ್ಬ ನಿವೃತ್ತ ಶಿಕ್ಷಕರು, ರಾಜಾಜಿನಗರ)

ಉತ್ತರ: ವ್ಯಾಂಕೂವರ್‌ನ ಚಳಿಗಾಲ ಹಿಮಕ್ಕಿಂತ ಮಳೆ ಮೋಡದ್ದು. ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಯ ಸುಮಾರು, ಸಂಜೆ ನಾಲ್ಕೂಕಾಲಕ್ಕೆ ಕತ್ತಲು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಇಬ್ಬರೇ ಮನೆಯೊಳಗೆ ಕೂರುವುದು ಕತ್ತಲಿಗಿಂತ ಹೆಚ್ಚು ಕುಗ್ಗಿಸುತ್ತದೆ.

ಅಲ್ಲಿ ಸೆಕೆಯಿಲ್ಲ ಎಂದು ಮಗ ಹೇಳುವುದನ್ನು ಮಾತ್ರ ಹಾಗೆಯೇ ಒಪ್ಪಬೇಡಿ. 2021ರ ಜೂನ್ ಕೊನೆಯಲ್ಲಿ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಲಿಟನ್ ಊರಿನಲ್ಲಿ 49.6 ಡಿಗ್ರಿ ದಾಖಲಾಯಿತು. ಆ ಸೆಕೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ 619 ಜನ ಸತ್ತರು. ಹೆಚ್ಚಿನವರು 70 ದಾಟಿದವರು, ಬಹುತೇಕ ಎಲ್ಲರೂ ಸತ್ತದ್ದು ಬಿಸಿಲಲ್ಲಲ್ಲ, ಮನೆಯೊಳಗೆ. ಎಸಿ ಇಲ್ಲ, ಸೀಲಿಂಗ್ ಫ್ಯಾನ್ ಇಲ್ಲ, ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತದೆ, ಒಳಗೆ ತುಂಬಿಕೊಂಡ ಬಿಸಿ ರಾತ್ರಿಯೂ ಹೊರಹೋಗುವುದಿಲ್ಲ. ಆದ್ದರಿಂದ ಮಗನನ್ನು ಕೇಳಬೇಕಾದ್ದು ಇಷ್ಟು: ನೀವು ಮಲಗುವ ಕೋಣೆ ಪಶ್ಚಿಮಕ್ಕಿದೆಯೇ? ಆ ಒಂದು ಕೋಣೆಗಾದರೂ ಎಸಿ ಅಥವಾ ಹೀಟ್ ಪಂಪ್ (ಬಿಸಿ, ತಂಪು ಎರಡೂ ಕೊಡುವ ಯಂತ್ರ) ಇದೆಯೇ? ಇಲ್ಲವಾದರೆ ಜೂನ್‌ಗೆ ಮೊದಲೇ ಹಾಕಿಸಲಿ, ಸೆಕೆ ಶುರುವಾದ ಮೇಲೆ ಅಂಗಡಿಗಳಲ್ಲಿ ಸಿಗುವುದಿಲ್ಲ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಸೆಕೆಯಲ್ಲಿ ಅದರ ಪ್ರಮಾಣ ಏನಿರಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಖಾಯಂ ಆಗಿ ಹೋಗುವ ಬದಲು ಮಾರ್ಚ್ ಕೊನೆಗೆ ಹೊರಟು ಸೆಪ್ಟೆಂಬರ್ ಕೊನೆಗೆ ಮರಳಿ. ಬೆಂಗಳೂರಿನ ಸೆಕೆಯೂ ತಪ್ಪುತ್ತದೆ, ಅಲ್ಲಿನ ಕತ್ತಲೂ ತಪ್ಪುತ್ತದೆ, ದಸರೆಗೆ ಮನೆಯಲ್ಲಿರುತ್ತೀರಿ. ಮಕ್ಕಳ ಬಳಿ ಬಂದಿರಲು ಕೆನಡಾ ತಂದೆತಾಯಿಯರಿಗೆ ಕೊಡುವ ಸೂಪರ್ ವೀಸಾ ಇದ್ದರೆ ಹೀಗೆ ಹೋಗಿಬರುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ಕಡ್ಡಾಯ, ಬಿಪಿಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ಪ್ರಶ್ನೆ: ಬಳ್ಳಾರಿಯ ಬಿಸಿಲು ಸಾಕಾಗಿದೆ. ನಿವೃತ್ತಿಯ ದುಡ್ಡಿನಲ್ಲಿ ಬೆಂಗಳೂರಿನ ಟಾಪ್ ಫ್ಲೋರ್ ಫ್ಲ್ಯಾಟ್ ಕೊಳ್ಳುವುದೋ, ಮಡಿಕೇರಿಯಲ್ಲಿ ಚಿಕ್ಕ ಮನೆಯೋ? ಮಡಿಕೇರಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಕಾಣುವುದಿಲ್ಲ ಎಂದು ಮನೆಯವಳ ತಕರಾರು.
(ಒಬ್ಬ ಓದುಗರು, ಬಳ್ಳಾರಿ)

ಉತ್ತರ: ಮನೆಯವರ ತಕರಾರಿನಲ್ಲಿ ಹುರುಳಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ. ಹಗಲು ಹನ್ನೆರಡು ಗಂಟೆಗೂ ಹೆಚ್ಚಿದ್ದರೂ ಮಂಜು ಮಳೆಯಲ್ಲಿ ಮನೆಯೊಳಗೆ ದೀಪ ಬೇಕು. ಬಟ್ಟೆ ಒಣಗುವುದಿಲ್ಲ, ಬೀರುವಿನೊಳಗೆ ಬೂಸಲು, ಅಸ್ತಮಾ ಇದ್ದವರಿಗೆ ಉಬ್ಬಸ. 2018ರ ಆಗಸ್ಟ್‌ನ ಭೂಕುಸಿತ ನೆನಪಿರಲಿ: ಇಳಿಜಾರನ್ನು ಕಡಿದು ಸಮಮಾಡಿದ ನಿವೇಶನದ ಮನೆ ಬೇಡವೇ ಬೇಡ. ದೊಡ್ಡ ಚಿಕಿತ್ಸೆಗೆ ಮೈಸೂರಿಗೇ ಇಳಿಯಬೇಕು, ಸುಮಾರು 120 ಕಿ.ಮೀ.

ಆದರೆ ಟಾಪ್ ಫ್ಲೋರೂ ಬೇಡ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮೊದಲನೆಯದು ಸರಿಯಾಗಿ ಕಡುಬೇಸಿಗೆಯಲ್ಲೇ ಬೀಳುತ್ತದೆ. ಆಗ ಗೋಡೆಗಿಂತ ತಾರಸಿಗೇ ಪೆಟ್ಟು ಹೆಚ್ಚು. ಆರ್‌ಸಿಸಿ ಸ್ಲ್ಯಾಬ್ ಹೀರಿದ ಬಿಸಿ ಕೆಳಗಿಳಿಯಲು ನಾಲ್ಕೈದು ಗಂಟೆ ಬೇಕು. ಹೊರಗೆ ತಂಗಾಳಿ ಬೀಸುವ ರಾತ್ರಿ ಎಂಟು ಒಂಬತ್ತಕ್ಕೆ ಒಳಗೆ ಸೂರು ಬಿಸಿ ಕಾರುವುದು ಇದಕ್ಕೇ. ಫ್ಯಾನ್ ಹಾಕಿದರೆ ಆ ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಫ್ಲ್ಯಾಟ್ ನೋಡಲು ಬಿಲ್ಡರ್ ಬೆಳಿಗ್ಗೆ ಹತ್ತಕ್ಕೆ ಕರೆದರೆ, ಏಪ್ರಿಲ್‌ನಲ್ಲಿ ರಾತ್ರಿ ಎಂಟಕ್ಕೆ ಬರುತ್ತೇನೆ ಎನ್ನಿ.

ಟಾಪ್ ಫ್ಲೋರೇ ಆಗಬೇಕೆಂದರೆ ತಾರಸಿಗೆ ಬಿಸಿಲು ಹಿಂದಟ್ಟುವ ಬಿಳಿ ಲೇಪ ಬೇಕು. ಫೆಬ್ರವರಿಯಲ್ಲಿ ಮಾಡಿಸಿ. ಮೊದಲು ಪಾಚಿ, ಧೂಳು ಉಜ್ಜಿ ತೊಳೆದು, ಬಿರುಕು ತುಂಬಿ, ಎರಡು ಮೂರು ದಿನ ಚೆನ್ನಾಗಿ ಒಣಗಲು ಬಿಡಬೇಕು. ಆಮೇಲೆ ಪ್ರೈಮರ್, ಅದರ ಮೇಲೆ ಎರಡು ಕೋಟು, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ನಡುವೆ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು. ಒದ್ದೆ ಸ್ಲ್ಯಾಬಿನ ಮೇಲೆ ಬಳಿದರೆ ಒಳಗಿನ ತೇವ ಆವಿಯಾಗಿ ಗುಳ್ಳೆ ಎದ್ದು ಪದರ ಕಿತ್ತುಬರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬರೀ ಸುಣ್ಣ ಬಳಿದರೆ ಅಗ್ಗ, ಆದರೆ ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷ ಬಳಿಯಬೇಕು. ಒಳ್ಳೆಯ ಲೇಪವನ್ನೂ ಪ್ರತಿ ಬೇಸಿಗೆಗೆ ಮುಂಚೆ ತೊಳೆಯಬೇಕು, ಧೂಳು ಕೂತ ಬಿಳಿ ಬಿಳಿಯಲ್ಲ. ಇಷ್ಟೆಲ್ಲಕ್ಕೂ ಮೊದಲು ಅಸೋಸಿಯೇಷನ್ನಿನ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಅಪಾರ್ಟ್‌ಮೆಂಟಿನ ತಾರಸಿ ನಿಮ್ಮೊಬ್ಬರದಲ್ಲ.

ಪಶ್ಚಿಮದ ಕಿಟಕಿಗೆ ಸಜ್ಜಾ ಉಪಯೋಗವಿಲ್ಲ, ಸಂಜೆ ಬಿಸಿಲು ಅಡ್ಡಡ್ಡ ಬರುತ್ತದೆ. ಹೊರಗಡೆ ಬಿದಿರಿನ ತಟ್ಟಿಯೋ ಹಸಿರು ಬಲೆಯೋ ಇಳಿಬಿಡಿ. ಒಳಗಿನ ಪರದೆ ಬೆಳಕು ತಡೆದರೂ, ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ. ಬಳ್ಳಾರಿಯಲ್ಲಿ ಬಳಸಿದ ಕೂಲರ್ ತಂದರೆ ಇಲ್ಲೂ ಚೆನ್ನಾಗಿ ನಡೆಯುತ್ತದೆ, ಕಿಟಕಿ ತೆರೆದಿರಲಿ. 38 ಡಿಗ್ರಿ ಇದ್ದು ಗಾಳಿಯ ತೇವ ಶೇ. 20 ಇರುವ ಮಧ್ಯಾಹ್ನ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 21 ತೋರಿಸುತ್ತದೆ, ಕೂಲರ್ ಗಾಳಿಯನ್ನು ಹೆಚ್ಚೆಂದರೆ ಅಲ್ಲಿಯವರೆಗೆ ಇಳಿಸಬಲ್ಲದು. ಮಂಗಳೂರಿನ 34 ಡಿಗ್ರಿ, ಶೇ. 70 ತೇವದಲ್ಲಿ ಅದೇ 29 ತೋರಿಸುತ್ತದೆ. ಕರಾವಳಿಯಲ್ಲಿ ಕೂಲರ್ ಸೋಲುವುದು, ಬೆವರು ಆರದೆ ಮೈ ಕುದಿಯುವುದು ಇದರಿಂದಲೇ. ಕೂಲರ್‌ಗೆ ನೀರು ಬೇಕು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ: ಫ್ಲ್ಯಾಟಿಗೆ ಕಾವೇರಿ ಸಂಪರ್ಕ ಇದೆಯೋ, ಬೋರ್‌ವೆಲ್ ಟ್ಯಾಂಕರ್ ಮಾತ್ರವೋ, ನೀರಿಗೆ ಬರ ಬಂದಿದ್ದ 2024ರ ಮಾರ್ಚ್‌ನಲ್ಲಿ ಏನಾಗಿತ್ತು ಎಂದು ಅಲ್ಲಿರುವವರನ್ನೇ ಕೇಳಿ.

ನಮ್ಮ ಸಲಹೆ: ಬೆಂಗಳೂರಿನಲ್ಲಿ ಒಂದು ಅಥವಾ ಎರಡನೇ ಮಹಡಿಯ, ಪಶ್ಚಿಮಕ್ಕೆ ಇನ್ನೊಂದು ಕಟ್ಟಡವೋ ಮರವೋ ಇರುವ ಫ್ಲ್ಯಾಟ್ ಕೊಳ್ಳಿ. ಮಡಿಕೇರಿಯಲ್ಲಿ ಮನೆ ಕೊಳ್ಳದೆ ಏಪ್ರಿಲ್, ಮೇ ಎರಡು ತಿಂಗಳು ಬಾಡಿಗೆಗೆ ಹಿಡಿಯಿರಿ. ಇಲ್ಲಿನ ಸೆಕೆ ಮುಗಿಯುವ ಹೊತ್ತಿಗೆ ಅಲ್ಲಿನ ಮಳೆ ಶುರು, ಎರಡೂ ಒಂದರ ಮೇಲೊಂದು ಬೀಳುವುದಿಲ್ಲ.

ಪ್ರಶ್ನೆ: ರಾತ್ರಿ ಪಾಳಿ, ಅಮೆರಿಕದ ಗಿರಾಕಿಗಳು. ಜುಲೈ ಆಗಸ್ಟ್ ಬಂದರೆ ಬೆಂಗಳೂರಲ್ಲೇ ನನಗೆ ಮಂಕು ಹಿಡಿಯುತ್ತದೆ. ದುಬಾರಿ ದೀಪದ ಬದಲು ನಾಲ್ಕು ಟ್ಯೂಬ್‌ಲೈಟ್ ಹಾಕಿಕೊಂಡರೆ ಆದೀತೇ?
(ಒಬ್ಬ ಓದುಗರು, ಬೊಮ್ಮನಹಳ್ಳಿ)

ಉತ್ತರ: ಆಗದು. 20 ವಾಟಿನ ಎಲ್‌ಇಡಿ ಟ್ಯೂಬ್ ಚಾವಣಿಯಿಂದ ನಿಮ್ಮ ಕಣ್ಣಿಗೆ ತಲುಪಿಸುವುದು ಕೆಲವು ನೂರು ಲಕ್ಸ್ ಮಾತ್ರ, ನಾಲ್ಕು ಹಾಕಿದರೂ ಸಾವಿರ ದಾಟುವುದು ಕಷ್ಟ. ನಿಮಗೆ ದೀಪವೇ ಬೇಕಿಲ್ಲ. ಜುಲೈನ ಮೋಡದಡಿಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಮಧ್ಯಾಹ್ನ ಎದ್ದ ಕೂಡಲೇ ತಾರಸಿಯಲ್ಲೋ ಪಾರ್ಕಿನಲ್ಲೋ 45 ನಿಮಿಷ ಕಳೆಯಿರಿ. ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಕ್ಯಾಬಿನಲ್ಲಿ ಬರುವವರು ಮಾತ್ರ, ಗಾಡಿ ಓಡಿಸುವವರು ಬೇಡ. ಎರಡು ವಾರ ಮಾಡಿಯೂ ಮಂಕು ಹೋಗದಿದ್ದರೆ ವಿಟಮಿನ್ ಡಿ, ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ, ವರದಿ ಹಿಡಿದು ಡಾಕ್ಟರನ್ನು ನೋಡಿ.